ತೀರಿದ್ದು ಯಾವುದು, ತಿರುಗಿದ್ದು ಯಾವುದು?

ಸಾಲದ ವಿಷಯದಲ್ಲಿ ಕನ್ನಡ ಬಡ ಭಾಷೆಯೇನಲ್ಲ. ಕೈಗಡ, ಒತ್ತೆ, ಗಿರವಿ, ಅಡಮಾನ, ಭೋಗ್ಯ ಎಂದು ಸಾಲ ಹುಟ್ಟುವ ಒಂದೊಂದು ಬಗೆಗೂ ಇಲ್ಲಿ ಹೆಸರಿದೆ. ಬಡ್ಡಿ, ಚಕ್ರಬಡ್ಡಿ, ಮೀಟರ್ ಬಡ್ಡಿ ಎಂದು ಅದು ಬೆಳೆಯುವ ಬಗೆಗೂ ಹೆಸರಿದೆ. ಕಟ್ಟದೆ ಕೂತವನಿಗೆ ಸುಸ್ತಿದಾರನೆಂಬ ಬಿರುದೂ ಸಿದ್ಧ. ಆದರೆ ಒಂದು ಸಾಲವನ್ನು ಎಬ್ಬಿಸಿ ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವ ಕೆಲಸಕ್ಕೆ ಮಾತ್ರ ಎಲ್ಲರೂ ಒಪ್ಪಿದ ಕ್ರಿಯಾಪದ ಇಲ್ಲ. ಇಂಗ್ಲಿಷಿನ ‘ರೀಫೈನಾನ್ಸ್’ ಪದಕ್ಕೆ ‘ಮಾಡು’ ಎಂಬ ಬಾಲ ಅಂಟಿಸಿಕೊಂಡು ವ್ಯವಹಾರ ಸಾಗಿದೆ.

ಪದ ಇಲ್ಲವೆಂದರೆ ಕೆಲಸ ಇಲ್ಲವೆಂದಲ್ಲ. ‘ಹೌಸಿಂಗ್ ಲೋನ್ ಬೇರೆ ಬ್ಯಾಂಕಿಗೆ ತಿರುಗಿಸಿದೆ ಕಣ್ರೀ’ ಎನ್ನುತ್ತಾರೆ ನಗರದ ನೌಕರರು. ‘ಸೊಸೈಟಿ ಸಾಲ ಕಟ್ಟಿ ಮತ್ತೆ ಎತ್ತಿದೆ’ ಎನ್ನುತ್ತಾರೆ ರೈತರು. ‘ಸೇಟು ಹತ್ತಿರ ಇದ್ದ ಸರ ಬಿಡಿಸಿ ಬ್ಯಾಂಕಲ್ಲಿ ಇಟ್ಟೆ’ ಎನ್ನುತ್ತಾರೆ ಗೃಹಿಣಿಯರು. ಮೂರೂ ರೀಫೈನಾನ್ಸೇ. ಬ್ಯಾಂಕಿನ ಕಾಗದಪತ್ರಗಳು ಇದಕ್ಕೆ ‘ಪುನರ್ಧನ’, ‘ಮರುಹಣಕಾಸು’ ಎಂಬ ಪದಗಳನ್ನು ಇಟ್ಟುಕೊಂಡಿವೆ. ಅವು ಕಾಗದ ಬಿಟ್ಟು ಬೀದಿಗೆ ಇಳಿದಿಲ್ಲ.

ಎರವಲು ತಂದ ಪದವೂ ಕನ್ನಡದ ಬಾಯಿಗೆ ಬಿದ್ದ ಮೇಲೆ ಕನ್ನಡದ ವ್ಯಾಕರಣಕ್ಕೆ ತಲೆಬಾಗಲೇಬೇಕು. ‘ಬ್ಯಾಂಕಿನವರು ರೀಫೈನಾನ್ಸ್ ಮಾಡಿದರು’ ಎಂದರೆ ಕೊಟ್ಟವರ ಮಾತು. ‘ರೀಫೈನಾನ್ಸ್ ಮಾಡಿಸಿದೆ’ ಎಂದರೆ ಪಡೆದವರ ಮಾತು. ‘ರೀಫೈನಾನ್ಸ್ ಆಯಿತು’ ಎಂದರೆ ಮಾಡಿದವರೂ ಕಾಣರು, ಮಾಡಿಸಿಕೊಂಡವರೂ ಕಾಣರು. ಮಳೆ ಬಂದಷ್ಟೇ ಸಹಜವಾಗಿ ಆಗಿಹೋದದ್ದು! ಸಹಿ ಹಾಕಿದ್ದು ಯಾರು, ಎಷ್ಟು ವರ್ಷಕ್ಕೆ ಎಂಬ ಪ್ರಶ್ನೆಗಳು ಆ ‘ಆಯಿತು’ ಎಂಬುದರೊಳಗೆ ಅಡಗಿಬಿಡುತ್ತವೆ.

ಇದಕ್ಕಿಂತ ಮೋಸದ ಕ್ರಿಯಾಪದ ಇನ್ನೊಂದಿದೆ. ಅದು ಅಚ್ಚ ಕನ್ನಡದ ‘ತೀರಿಸು’.

ಚೀಟಿ ಎತ್ತಿ ತೀರಿಸಿದೆ

‘ಚೀಟಿ ಎತ್ತಿ ಸಾಲ ತೀರಿಸಿದೆ’ ಎಂಬ ವಾಕ್ಯವನ್ನು ಕೇಳದವರಿಲ್ಲ. 20 ತಿಂಗಳ ಚೀಟಿಯನ್ನು ನಾಲ್ಕನೇ ತಿಂಗಳಲ್ಲೇ ಕೂಗಿ ಎತ್ತಿದವರು ಕಟ್ಟಿದ್ದು ನಾಲ್ಕು ಕಂತು, ಪಡೆದದ್ದು ಇಡೀ ಗಂಟು. ಅದೂ ಕಸರು ಕಳೆದು. ಉಳಿದ 16 ಕಂತುಗಳು ಮುಂದಿವೆ. ಅಂದರೆ ತೀರಿದ್ದು ಒಬ್ಬರ ಸಾಲ, ಹುಟ್ಟಿದ್ದು ಚೀಟಿಯ ಉಳಿದ ಸದಸ್ಯರ ಸಾಲ. ವಾಕ್ಯದಲ್ಲಿ ಮಾತ್ರ ಎಲ್ಲವೂ ಮುಗಿದು ಹೋಗಿದೆ.

ಹಳ್ಳಿಯ ಸಹಕಾರ ಸಂಘದ ಬೆಳೆ ಸಾಲದ ಕಥೆಯೂ ಹೀಗೆಯೇ. ಕರ್ನಾಟಕದಲ್ಲಿ ಈ ಅಲ್ಪಾವಧಿ ಸಾಲಕ್ಕೆ ಬಡ್ಡಿ ಇಲ್ಲ. 2023ರ ರಾಜ್ಯ ಬಜೆಟ್ಟು ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಷರತ್ತು ಒಂದೇ: ಗಡುವಿನೊಳಗೆ ಕಟ್ಟಬೇಕು. ಬೆಳೆ ಕೈಕೊಟ್ಟ ವರ್ಷ ಗಡುವು ಮಾತ್ರ ಕೈಕೊಡುವುದಿಲ್ಲ. ಆಗ ರೈತ ಊರಿನ ಸಾಹುಕಾರರಿಂದ ನಾಲ್ಕಾರು ದಿನಕ್ಕೆ ಹಣ ತಂದು ಸಂಘಕ್ಕೆ ಕಟ್ಟುತ್ತಾನೆ, ಹೊಸ ಸಾಲ ಮಂಜೂರಾದೊಡನೆ ಸಾಹುಕಾರರಿಗೆ ಬಡ್ಡಿ ಸಮೇತ ಹಿಂತಿರುಗಿಸುತ್ತಾನೆ. ಪುಸ್ತಕದಲ್ಲಿ ಸಾಲ ತೀರಿದೆ, ಹೊಸ ಸಾಲ ಸಿಕ್ಕಿದೆ. ಹೊಲಕ್ಕೆ ಒಂದು ರೂಪಾಯಿಯೂ ಬಂದಿಲ್ಲ. ಬಡ್ಡಿ ಇಲ್ಲದ ಸಾಲವನ್ನು ಉಳಿಸಿಕೊಳ್ಳಲು ಬಡ್ಡಿ ತೆತ್ತದ್ದಷ್ಟೇ ಲೆಕ್ಕ.

ಹಾಗೆಂದು ಸಾಲ ಬದಲಿಸುವುದೆಲ್ಲ ಕೆಡುಕಲ್ಲ. ಸರ ಬಿಡಿಸಿ ಬ್ಯಾಂಕಿನಲ್ಲಿಟ್ಟ ಗೃಹಿಣಿಯ ಲೆಕ್ಕ ನೋಡಿ. ಊರಿನ ಬಡ್ಡಿ ತಿಂಗಳ ಮಾತು, ಬ್ಯಾಂಕಿನ ಬಡ್ಡಿ ವರ್ಷದ ಮಾತು. ‘ಮೂರು ರೂಪಾಯಿ ಬಡ್ಡಿ’ ಕಿವಿಗೆ ಹಗುರ, ‘ಶೇಕಡಾ ಹತ್ತು’ ಭಾರ. ಆದರೆ ಒಂದು ಲಕ್ಷಕ್ಕೆ ಮೊದಲನೆಯದು ವರ್ಷಕ್ಕೆ 36,000 ರೂಪಾಯಿ ಕೇಳುತ್ತದೆ, ಎರಡನೆಯದು 10,000. ಇಲ್ಲಿ ಬದಲಾವಣೆ ನಿಜವಾದ ಬಿಡುಗಡೆಯೇ.

ಕಂತು ಇಳಿಯಿತು, ಸಾಲ?

ನಗರದ ಗೃಹಸಾಲದಲ್ಲಿ ಲೆಕ್ಕ ಇಷ್ಟು ಸರಳವಲ್ಲ. ಬದಲಿ ದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸುವ ವ್ಯಕ್ತಿಗಳಿಂದ ಬ್ಯಾಂಕುಗಳು ದಂಡ ವಸೂಲು ಮಾಡಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಹೇಳಿತು. ಅಂದಿನಿಂದ ಸಾಲವನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಒಯ್ಯುವುದು ಸಲೀಸಾಯಿತು.

ಒಂದು ಉದಾಹರಣೆ. ಶೇ. 10.5ರ ಬಡ್ಡಿಗೆ 20 ವರ್ಷದ ಅವಧಿಗೆ 20 ಲಕ್ಷ ರೂಪಾಯಿ ಪಡೆದವರ ಮಾಸಿಕ ಕಂತು ಸುಮಾರು 19,968 ರೂಪಾಯಿ. ಐದು ವರ್ಷದಲ್ಲಿ ಅವರು ಕಟ್ಟಿದ್ದು ಹೆಚ್ಚುಕಡಿಮೆ 12 ಲಕ್ಷ. ಅಸಲು ಇನ್ನೂ 18.06 ಲಕ್ಷ ಉಳಿದಿರುತ್ತದೆ! ಮೊದಲ ವರ್ಷಗಳ ಕಂತಿನಲ್ಲಿ ಬಡ್ಡಿಯದೇ ಸಿಂಹಪಾಲು.

ಈಗ ಇನ್ನೊಂದು ಬ್ಯಾಂಕು ಶೇ. 9ಕ್ಕೆ ಕೊಡುತ್ತೇನೆ ಎನ್ನುತ್ತದೆ. ಉಳಿದ 15 ವರ್ಷಕ್ಕೇ ಬದಲಿಸಿಕೊಂಡರೆ ಕಂತು 18,321 ರೂಪಾಯಿಗೆ ಇಳಿಯುತ್ತದೆ, ಒಟ್ಟಿನಲ್ಲಿ ಮೂರು ಲಕ್ಷದಷ್ಟು ಉಳಿಯುತ್ತದೆ. ಆದರೆ ‘ಮತ್ತೆ 20 ವರ್ಷ ಮಾಡಿಕೊಡುತ್ತೇವೆ, ಕಂತು ಇನ್ನೂ ಕಡಿಮೆಯಾಗುತ್ತದೆ’ ಎಂಬ ಮಾತಿಗೆ ಒಪ್ಪಿದರೆ? ಕಂತು 16,252 ರೂಪಾಯಿಗೆ ಬರುತ್ತದೆ. ತಿಂಗಳಿಗೆ 3,700 ಉಳಿಯಿತೆಂದು ಮನೆಯಲ್ಲಿ ಪಾಯಸ ಮಾಡಬಹುದು. ಹಳೆಯ ಸಾಲದಲ್ಲೇ ಮುಂದುವರಿದಿದ್ದರೆ ಕಟ್ಟಬೇಕಿದ್ದದ್ದು 35.94 ಲಕ್ಷ, ಹೊಸದರಲ್ಲಿ ಕಟ್ಟುವುದು 39 ಲಕ್ಷ. ಬಡ್ಡಿ ದರ ಇಳಿಯಿತು, ಕಂತು ಇಳಿಯಿತು, ತೆರುವ ಹಣ ಮೂರು ಲಕ್ಷ ಏರಿತು. ಹೊಸ ಬ್ಯಾಂಕಿನ ಸಂಸ್ಕರಣಾ ಶುಲ್ಕ ಮತ್ತು ಪತ್ರದ ಖರ್ಚು ಇದರಲ್ಲಿ ಸೇರಿಲ್ಲ.

ಹೆಸರಿನಲ್ಲೇ ಇರುವ ಗುಟ್ಟು

ಜನ ಮಾತ್ರವಲ್ಲ, ಬ್ಯಾಂಕುಗಳೂ ಸಾಲದ ಹಿಂದೆ ಸಾಲ ಇಟ್ಟುಕೊಂಡೇ ನಡೆಯುವುದುಂಟು. 1982ರಲ್ಲಿ ಹುಟ್ಟಿದ ನಬಾರ್ಡ್‌ನ ಮುಖ್ಯ ಕೆಲಸಗಳಲ್ಲೊಂದು, ರೈತರಿಗೆ ಸಾಲ ಕೊಟ್ಟ ಬ್ಯಾಂಕುಗಳಿಗೆ ಪುನರ್ಧನ ಕೊಡುವುದು. 2015ರಲ್ಲಿ ಆರಂಭವಾದ ‘ಮುದ್ರಾ’ ಹೆಸರನ್ನು ಸಂಸ್ಕೃತದ ಮುದ್ರೆಯೆಂದೇ ಬಹಳ ಜನ ತಿಳಿದಿದ್ದಾರೆ. ಅದು ಐದು ಇಂಗ್ಲಿಷ್ ಅಕ್ಷರಗಳ ಕೂಡಿಕೆ. ಅದರ ನಡುವಿನ ‘ಆರ್’ ಎಂದರೆ ಇದೇ ರೀಫೈನಾನ್ಸ್. ಮುದ್ರಾ ಸಂಸ್ಥೆ ಅಂಗಡಿಯವರಿಗೆ ನೇರವಾಗಿ ಸಾಲ ಕೊಡುವುದಿಲ್ಲ. ಬ್ಯಾಂಕು ಕೊಡುತ್ತದೆ, ಮುದ್ರಾ ಬ್ಯಾಂಕಿಗೆ ಕೊಡುತ್ತದೆ.

ಬ್ಯಾಂಕಿನ ಬೆನ್ನಿಗೆ ಪುನರ್ಧನವಿದೆ. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದಿಂದ, ಅದರ ಕಂತಿಗೆ ಕಿರುಸಾಲದ ಕಂಪನಿಯಿಂದ ಎತ್ತುವ ಕೂಲಿ ಹೆಂಗಸಿನ ಬೆನ್ನಿಗೆ ಯಾರಿದ್ದಾರೆ? ಕಿರುಸಾಲದಲ್ಲಿ ಒಂದು ಕುಟುಂಬದ ಎಲ್ಲ ಸಾಲಗಳ ಮಾಸಿಕ ಕಂತು ಅದರ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕಿನ 2022ರ ನಿಯಮ ಹೇಳುತ್ತದೆ. ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲ ತಿರುಗುತ್ತಾ ತಿರುಗುತ್ತಾ ಮನೆಬಾಗಿಲಿಗೆ ಬಂದು ನಿಲ್ಲುವುದು ಹೀಗೆ.

ಆದ್ದರಿಂದ ಮನೆಮಾತಿನಲ್ಲಿ ಎರಡು ಕ್ರಿಯಾಪದಗಳನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳುವುದು ಲೇಸು. ದುಡಿದ ದುಡ್ಡಿನಿಂದ ಕಟ್ಟಿ ಪತ್ರ ವಾಪಸು ತಂದರೆ ‘ತೀರಿಸಿದೆ’. ಇನ್ನೊಬ್ಬರ ದುಡ್ಡಿನಿಂದ ಕಟ್ಟಿದರೆ ‘ತಿರುಗಿಸಿದೆ’. ಎರಡನೆಯದನ್ನು ಹೇಳುವಾಗ ವಾಕ್ಯ ಅರ್ಧಕ್ಕೆ ನಿಲ್ಲಬಾರದು: ಎಷ್ಟು ಅಸಲನ್ನು, ಯಾವ ಬಡ್ಡಿಯಿಂದ ಯಾವ ಬಡ್ಡಿಗೆ, ಎಷ್ಟು ವರ್ಷಕ್ಕೆ ಎಂಬ ಮೂರೂ ಅದರಲ್ಲಿ ಬರಬೇಕು. ಹೆಂಡತಿಗೋ ಗಂಡನಿಗೋ ಮಕ್ಕಳಿಗೋ ಆ ಪೂರ್ತಿ ವಾಕ್ಯವನ್ನು ತಡವರಿಸದೆ ಹೇಳಬಲ್ಲವರು ಸಹಿ ಹಾಕಲು ಅಡ್ಡಿಯಿಲ್ಲ. ‘ಅದೆಲ್ಲ ಆಯಿತು ಬಿಡು’ ಎನ್ನುವವರು ಮಾತ್ರ ಪೆನ್ನನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಮರಳಿ ಇನ್ನೊಮ್ಮೆ ಲೆಕ್ಕ ಹಾಕುವುದು ಒಳ್ಳೆಯದು.