ಫೋನ್ ಎತ್ತುವವರು ಬರೀ ರಿಸೆಪ್ಷನಿಸ್ಟ್ ಅಲ್ಲ

ಟಿಲ್‌ಬರ್ಗ್‌ಗೆ ಬಂದ ಮೊದಲ ಚಳಿಗಾಲ. ಮಗನಿಗೆ ಎರಡು ವರ್ಷ, ಜ್ವರ 39.4 ಡಿಗ್ರಿ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನಮ್ಮ ಹೌಸ್‌ಆರ್ಟ್ಸ್, ಅಂದರೆ ಕುಟುಂಬ ವೈದ್ಯರ ಕ್ಲಿನಿಕ್‌ಗೆ ಫೋನ್ ಮಾಡಿದೆ. ಫೋನ್ ಎತ್ತಿದ ಹೆಂಗಸು ಮೊದಲು ಕೇಳಿದ್ದು ಮಗುವಿನ ಹುಟ್ಟಿದ ದಿನಾಂಕ. ಆಮೇಲೆ ಒಂದರ ಹಿಂದೊಂದು ಪ್ರಶ್ನೆ. ನೀರು ಕುಡಿಯುತ್ತಿದ್ದಾನಾ? ಡೈಪರ್ ಕೊನೆಗೆ ಒದ್ದೆಯಾಗಿದ್ದು ಯಾವಾಗ? ಎಬ್ಬಿಸಿದರೆ ಕಣ್ಣುಬಿಟ್ಟು ನೋಡುತ್ತಾನಾ? ಮೈಮೇಲೆ ಕೆಂಪು ಕಲೆ ಇದ್ದರೆ ಗಾಜಿನ ಲೋಟ ಒತ್ತಿ ನೋಡಿ, ಕಲೆ ಮಾಯವಾಗುತ್ತದಾ?

ನನಗೆ ರೇಗಿತು. "ಡಾಕ್ಟರ ಹತ್ತಿರ ಮಾತಾಡಬೇಕು" ಅಂದೆ. ರಿಸೆಪ್ಷನಿಸ್ಟ್‌ಗೆ ಇದೆಲ್ಲ ಯಾಕೆ ಎಂದು ಒಳಗೊಳಗೇ ಗೊಣಗಿದೆ. ಸಂಶೋಧನೆ ನನ್ನ ಕೆಲಸ, ಪ್ರಶ್ನೆ ಕೇಳುವುದೇ ನನ್ನ ಕಸುಬು. ಆದರೂ ಆ ಪ್ರಶ್ನೆಗಳ ಹಿಂದೆ ಒಂದು ಲೆಕ್ಕ ಇದೆ ಅಂತ ಆ ದಿನ ಹೊಳೆಯಲಿಲ್ಲ.

ಆಕೆ ರಿಸೆಪ್ಷನಿಸ್ಟ್ ಅಲ್ಲ, ಡಾಕ್ಟರ್ಸ್‌ಅಸಿಸ್ಟೆಂಟ್. ಎಂಬಿಓ, ಅಂದರೆ ಇಲ್ಲಿನ ವೃತ್ತಿಶಿಕ್ಷಣದಲ್ಲಿ ನಾಲ್ಕನೇ ಹಂತದ ಮೂರು ವರ್ಷದ ಕೋರ್ಸ್ ಮುಗಿಸಿದವರು. ಫೋನಿನಲ್ಲಿ ಅವರು ಮಾಡುವ ಕೆಲಸಕ್ಕೆ ಟ್ರಿಯಾಜ್ ಎಂದು ಹೆಸರು. ನಿಮ್ಮ ಉತ್ತರಗಳನ್ನು ಕೇಳಿ ಯು0ದಿಂದ ಯು5ರವರೆಗಿನ ಒಂದು ಮಟ್ಟ ನಿರ್ಧರಿಸುತ್ತಾರೆ. ಯು0 ಅಂದರೆ ಉಸಿರಾಟ ಅಥವಾ ರಕ್ತಸಂಚಾರವೇ ಕುಸಿದಿದೆ, ಯು1 ಅಂದರೆ ಜೀವಕ್ಕೆ ಅಪಾಯ. ಯು5 ಅಂದರೆ ಅವಸರವಿಲ್ಲ, ಸಲಹೆ ಸಾಕು. ನಾವೆಲ್ಲ ತಮಾಷೆ ಮಾಡುವ ಆ "ಪ್ಯಾರಾಸಿಟಮಾಲ್ ಕೊಟ್ಟು ನೋಡಿ" ಬರುವುದು ಇಂಥ ಲೆಕ್ಕ ಮುಗಿದ ಮೇಲೆ.

ಫೋನ್ ಅವರ ಅರ್ಧ ಕೆಲಸ ಮಾತ್ರ. ಬಿಪಿ ನೋಡುವುದು, ಕಿವಿ ತೊಳೆಯುವುದು, ಹೊಲಿಗೆ ಬಿಚ್ಚುವುದು, ಇಂಜೆಕ್ಷನ್, ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಮಾದರಿ ತೆಗೆಯುವುದು, ಮೂತ್ರ ಪರೀಕ್ಷೆ, ಎಲ್ಲವೂ ಅವರದೇ. ಟಿಲ್‌ಬರ್ಗ್ ಹಿಂದೆ ಉಣ್ಣೆ ಬಟ್ಟೆಯ ಊರು. ಉಣ್ಣೆ ಸಂಸ್ಕರಣೆಗೆ ಬೇಕಾದ ಮೂತ್ರವನ್ನು ಜನ ಹೂಜಿಗಳಲ್ಲಿ ತುಂಬಿಕೊಡುತ್ತಿದ್ದರಂತೆ. ಅದಕ್ಕೇ ಕಾರ್ನಿವಲ್ ದಿನಗಳಲ್ಲಿ ಊರಿನ ಹೆಸರು ಕ್ರೌಕನ್‌ಸ್ಟಾಟ್, ಅಂದರೆ ಹೂಜಿಗಳ ಊರು. ಕ್ಲಿನಿಕ್‌ನ ಕೌಂಟರಿನ ಮೇಲೆ ಸಾಲಾಗಿ ನಿಂತ ಪುಟ್ಟ ಡಬ್ಬಿಗಳನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಆರು ವರ್ಷದ ನಂತರ ಮತ್ತೊಂದು ಫೋನ್. ಊರಿಂದ ಬಂದಿದ್ದ ಅಮ್ಮ ಬೆಳಗಿನ ಕಾಫಿ ಬೇಡ ಎಂದು ಪಕ್ಕಕ್ಕಿಟ್ಟು "ಯಾಕೋ ಸಂಕಟ ಆಗ್ತಿದೆ" ಅಂದರು. ಸಂಕಟಕ್ಕೆ ಡಚ್‌ನಲ್ಲಿ ಏನನ್ನಬೇಕು? ಗಾಬರಿಯಲ್ಲಿ ನನ್ನ ಡಚ್ ಓಡಿಹೋಯಿತು. ಫೋನನ್ನು ಎಂಟು ವರ್ಷದ ಮಗನ ಕೈಗೆ ಕೊಟ್ಟೆ. ಅವನು ಸಲೀಸಾಗಿ "ಅಜ್ಜಿಗೆ ಬೌಕ್‌ಪೈನ್" ಅಂದ. ಹೊಟ್ಟೆನೋವು! ಅವನಿಗೆ ತಿಳಿದಿದ್ದ ಒಂದೇ ನೋವು ಅದು.

ಡಾಕ್ಟರ್ಸ್‌ಅಸಿಸ್ಟೆಂಟ್ ಅಲ್ಲಿಗೆ ನಿಲ್ಲಿಸಲಿಲ್ಲ. ಮಗುವಿನ ಕೈಯಿಂದ ಫೋನ್ ವಾಪಸ್ ತಗೊಳ್ಳಲು ಹೇಳಿ, ನನ್ನ ಜೊತೆ ಇಂಗ್ಲಿಷ್‌ಗೆ ಬದಲಾದರು. ಬೆವರಿದ್ದಾರಾ? ಒತ್ತಿ ಹಿಡಿದ ಹಾಗಿದೆಯಾ? ತೋಳಿಗೋ ದವಡೆಗೋ ಹರಡುತ್ತಿದೆಯಾ? ಅಮ್ಮನನ್ನು ಕನ್ನಡದಲ್ಲಿ ಕೇಳಿದೆ. ಮೂರಕ್ಕೂ ಹೌದು. ಆಂಬುಲೆನ್ಸ್ ಬಂತು. ಅದು ಹೃದಯಾಘಾತ. ಅಮ್ಮ ಈಗ ಶಿವಮೊಗ್ಗದಲ್ಲಿ ಆರಾಮಾಗಿದ್ದಾರೆ.

ಆ ದಿನ ಎರಡು ಪಾಠ ಕಲಿತೆ. ಮೊದಲನೆಯದು, ಮಗು ದುಭಾಷಿ ಅಲ್ಲ. 2012ರ ಜನವರಿ 1ರಿಂದ ಇಲ್ಲಿನ ಸರ್ಕಾರ ವೈದ್ಯಕೀಯ ದುಭಾಷಿಗಳ ಖರ್ಚು ಕೊಡುವುದನ್ನು ನಿಲ್ಲಿಸಿದೆ, ಹಾಗಾಗಿ ಎಷ್ಟೋ ಮನೆಗಳಲ್ಲಿ ಆ ಭಾರ ಮಕ್ಕಳ ಮೇಲೆ ಬೀಳುತ್ತದೆ. ತಪ್ಪಾದರೆ ಆ ತಪ್ಪನ್ನು ಹೊರುವುದೂ ಮಗುವೇ. ಎರಡನೆಯದು, ಮನೆಯಲ್ಲಿ ನೋವಿನ ಮಾತುಗಳನ್ನು ಕಲಿಸಬೇಕು. ಉರಿ, ಸೆಳೆತ, ಜೋಮು, ಚುಚ್ಚು, ಸಂಕಟ. ನಾವು ಬಣ್ಣ, ಹಣ್ಣು, ಪ್ರಾಣಿಗಳ ಹೆಸರಿಗೇ ನಿಂತುಬಿಡುತ್ತೇವೆ. ಈಗ ನನ್ನ ಮಗ ಮಂಡಿ ತರಚಿಕೊಂಡು ಬಂದರೆ "ಉರೀತಿದೆಯಾ, ಚುಚ್ಚುತ್ತಿದೆಯಾ?" ಎಂದು ಕೇಳುತ್ತೇನೆ.

ಇದನ್ನೆಲ್ಲ ನನಗೆ ಬಿಡಿಸಿ ಹೇಳಿದ್ದು ಇದೇ ಊರಿನ ನನ್ನ ಗೆಳತಿ. ಕರ್ನಾಟಕದಲ್ಲಿ ಬಿಡಿಎಸ್ ಮುಗಿಸಿ ನಾಲ್ಕು ವರ್ಷ ಹಲ್ಲಿನ ಡಾಕ್ಟರ್ ಆಗಿದ್ದವರು. ಇಲ್ಲಿ ದಂತವೈದ್ಯೆಯಾಗಲು ಬಿಗ್ ರಿಜಿಸ್ಟರ್‌ನಲ್ಲಿ ಹೆಸರಿರಬೇಕು. ಭಾರತದ ಪದವಿ ಇದ್ದವರು ಅದಕ್ಕೆ ಮೊದಲು ಭಾಷೆ ಮತ್ತು ಸಾಮಾನ್ಯ ಜ್ಞಾನದ ಪರೀಕ್ಷೆ, ಆಮೇಲೆ ವೃತ್ತಿಯ ಪರೀಕ್ಷೆ ಪಾಸಾಗಬೇಕು. ಎರಡು ಪುಟ್ಟ ಮಕ್ಕಳ ನಡುವೆ ಅವರಿಗದು ಆಗಲಿಲ್ಲ. 36ನೇ ವಯಸ್ಸಿನಲ್ಲಿ ಹದಿನೇಳರ ಹುಡುಗಿಯರ ಪಕ್ಕ ಕೂತು ಡಾಕ್ಟರ್ಸ್‌ಅಸಿಸ್ಟೆಂಟ್ ಕೋರ್ಸ್ ಸೇರಿದರು. ನಮ್ಮವರೇ ಒಬ್ಬರು ಹಬ್ಬದ ಊಟದ ಪಂಕ್ತಿಯಲ್ಲಿ "ಡಾಕ್ಟರ್ ಆಗಿದ್ದೋರು ಅಸಿಸ್ಟೆಂಟ್ ಆಗೋದಾ?" ಅಂದರು. ಅವತ್ತು ಅವರು ಪಾಯಸ ಮುಟ್ಟಲಿಲ್ಲ.

ಅವರಿಗೆ ಕಷ್ಟವಾಗಿದ್ದು ವೈದ್ಯಕೀಯ ವಿಷಯವಲ್ಲ, ಫೋನ್. ಎದುರಿಗೆ ಮುಖವಿಲ್ಲ, ಕೈಸನ್ನೆಯಿಲ್ಲ, ಕಿವಿಗೆ ಬೀಳುವುದು ಪಕ್ಕಾ ಬ್ರಾಬಾಂಟ್ ಸೀಮೆಯ ಡಚ್. ಪುಸ್ತಕದ ಕನ್ನಡ ಕಲಿತವರನ್ನು ಸೀದಾ ಧಾರವಾಡದ ಸಂತೆಗೆ ಬಿಟ್ಟ ಹಾಗೆ. ರಾತ್ರಿ ಒಂಬತ್ತು ವರ್ಷದ ಮಗಳು ರೋಗಿಯಾಗಿ ನಟಿಸುತ್ತಿದ್ದಳು, ಅಮ್ಮ ಪ್ರಶ್ನೆ ಕೇಳುತ್ತಿದ್ದರು. ಅಮ್ಮನ ಡಚ್ ಉಚ್ಚಾರಣೆಯನ್ನು ಮಗಳು ತಿದ್ದಿದರೆ, ಮಗಳ ಕನ್ನಡವನ್ನು ಅಮ್ಮ. ಇಬ್ಬರಿಗೂ ಲಾಭ.

ನಿಮ್ಮಲ್ಲಿ ಯಾರಿಗಾದರೂ ಈ ದಾರಿಯ ಮೇಲೆ ಮನಸ್ಸಿದ್ದರೆ, ಅವರ ಅನುಭವದಿಂದ ನಾಲ್ಕು ಮಾತು.

ಮೊದಲು ಭಾಷೆ. ಪಾಠ, ಪರೀಕ್ಷೆ ಎರಡೂ ಡಚ್‌ನಲ್ಲೇ. ದಿನಬಳಕೆಯ ಡಚ್ ಸಾಲದು, ಬಿ2 ಮಟ್ಟದ ಹತ್ತಿರ ಬಂದಿದ್ದರೆ ಧೈರ್ಯವಾಗಿ ಹೆಜ್ಜೆ ಇಡಬಹುದು.

ಎರಡನೆಯದು, ಊರಿನ ಪದವಿಯನ್ನು ನುಫಿಕ್ ಮತ್ತು ಎಸ್‌ಬಿಬಿ ಸಂಸ್ಥೆಗಳಿಂದ ಮೌಲ್ಯಮಾಪನ ಮಾಡಿಸಿ. ಆ ಕಾಗದ ತೋರಿಸಿ, ಕೆಲವು ವಿಷಯಗಳಿಗೆ ವಿನಾಯಿತಿ ಸಿಗುತ್ತದಾ ಎಂದು ಶಾಲೆಯಲ್ಲಿ ಕೇಳಿ.

ಮೂರನೆಯದು, ಎರಡು ಬಗೆಯ ಓದಿದೆ. ಬಿಓಎಲ್ ಅಂದರೆ ಹೆಚ್ಚು ಶಾಲೆ, ನಡುವೆ ಇಂಟರ್ನ್‌ಶಿಪ್. ಬಿಬಿಎಲ್ ಅಂದರೆ ವಾರದ ಹೆಚ್ಚಿನ ದಿನ ಸಂಬಳದ ಕೆಲಸ, ಸಾಮಾನ್ಯವಾಗಿ ಒಂದು ದಿನ ಶಾಲೆ. ಬಿಬಿಎಲ್‌ಗೆ ಎಸ್‌ಬಿಬಿ ಮಾನ್ಯತೆ ಇರುವ ಕ್ಲಿನಿಕ್ ಒಂದು ನಿಮ್ಮನ್ನು ಸೇರಿಸಿಕೊಳ್ಳಬೇಕು. ಹೈಲಿ ಸ್ಕಿಲ್ಡ್ ಮೈಗ್ರಂಟ್ ವೀಸಾದವರ ಸಂಗಾತಿಗೆ ಇಲ್ಲಿ ಬೇರೆ ವರ್ಕ್ ಪರ್ಮಿಟ್ ಬೇಕಿಲ್ಲ.

ನಾಲ್ಕನೆಯದು, ಬಾಯಿ ಬಿಗಿಯಿರಬೇಕು. ವೈದ್ಯರಿಗಿರುವ ಗೋಪ್ಯತೆಯ ಕಟ್ಟು ಅಸಿಸ್ಟೆಂಟ್‌ಗೂ ಇದೆ. ಗೆಳತಿ ಒಬ್ಬ ರೋಗಿಯ ಕಥೆಯನ್ನೂ ನನಗೆ ಹೇಳಿಲ್ಲ.

ತಮ್ಮದೇ ಒಂದು ಕಥೆ ಮಾತ್ರ ಹೇಳಿದ್ದಾರೆ. ಬ್ರಾಬಾಂಟ್ ಜನ ಹೊರಡುವಾಗ "ಹೌಡು" ಅನ್ನುತ್ತಾರೆ, ಬರ್ತೀನಿ ಅನ್ನುವ ಹಾಗೆ. ಕಿವಿಗೆ ಥೇಟ್ ನಮ್ಮ "ಹೌದು". ಇಂಟರ್ನ್‌ಶಿಪ್‌ನ ಮೊದಲ ವಾರ ಒಬ್ಬ ಮುದುಕರಿಗೆ ಸಲಹೆ ಕೊಟ್ಟು ಮುಗಿಸಿದಾಗ ಅವರು "ಹೌಡು" ಅಂದರಂತೆ. ಸರಿಯಾಗಿ ಹೇಳಿದ್ದೀನಿ ಅಂತ ಇವರು ಒಪ್ಪಿದರಲ್ಲ ಎಂದು ಗೆಳತಿಗೆ ಒಂದು ಕ್ಷಣ ಖುಷಿಯೋ ಖುಷಿ. ಆಮೇಲೆ ನೋಡಿದರೆ ಫೋನ್ ಕಟ್ ಆಗಿತ್ತು.

ಕಳೆದ ಬೇಸಿಗೆಯಲ್ಲಿ ಅವರಿಗೆ ಡಿಪ್ಲೊಮಾ ಕೈಗೆ ಬಂತು. ಪಾಯಸ ನಮ್ಮ ಮನೆಯಲ್ಲೇ ಮಾಡಿದ್ದೆವು.