ಮಲ್ಲಿಗೆಯ ಲೆಕ್ಕದಲ್ಲಿ ಮಂಗಳೂರು–ದುಬೈ

ಕಾಸರಗೋಡು ಸೀಮೆಯಲ್ಲಿ ದುಬೈಯ ಹೆಸರು ಕೇಳದ ಮನೆಯಿಲ್ಲ. ದುಡಿಯಲು ಹೋದ ಮಕ್ಕಳ ಹಿಂದೆಯೇ ಕರಾವಳಿಯ ಮಲ್ಲಿಗೆಯೂ ವಿಮಾನವೇರಿ ಹೋಗತೊಡಗಿತು. ಆದುದರಿಂದ ಆ ಊರಿನ ದೂರವೆಷ್ಟು, ಹಿಡಿಯುವ ಹೊತ್ತೆಷ್ಟು ಎಂಬುದನ್ನು ಹೂ ಬೆಳೆಯುವವರೂ ತಿಳಿದಿರುವುದು ಒಳ್ಳೆಯದು.

ದೂರ ಅಳೆಯಲು ಶಾಲೆಯ ಗ್ಲೋಬು ಒಂದು, ನೂಲಿನೆಳೆ ಒಂದು ಸಾಕು. ಮಂಗಳೂರಿನಿಂದ ದುಬೈಗೆ ನೂಲನ್ನು ಬಿಗಿಯಾಗಿ ಹಿಡಿಯಿರಿ. ಆ ಉದ್ದವು ಭೂಮಧ್ಯರೇಖೆಯ ಸುತ್ತಳತೆಯ ಹದಿನಾರನೆಯ ಒಂದು ಪಾಲಿನಷ್ಟು. ಸುತ್ತಳತೆ ಸುಮಾರು 40,000 ಕಿ.ಮೀ.; ಹದಿನಾರರಿಂದ ಭಾಗಿಸಿದರೆ 2,500. ಇನ್ನೂ ಸೂಕ್ಷ್ಮವಾಗಿ ಲೆಕ್ಕ ಹಾಕಿದರೆ 2,450 ಕಿ.ಮೀ.ಗಳ ಆಸುಪಾಸು, ಅಂದರೆ 1,500 ಮೈಲಿಗೆ ತುಸು ಹೆಚ್ಚು. ಮಂಗಳೂರಿನಿಂದ ದಿಲ್ಲಿಗೆ ನೇರ ದಾರಿಯೇ ಸುಮಾರು 1,750 ಕಿ.ಮೀ. ಇದೆ. ಕಡಲಾಚೆಯ ದುಬೈ ಅದಕ್ಕಿಂತ 700 ಕಿ.ಮೀ. ಮಾತ್ರ ಹೆಚ್ಚು!

ಜೆಟ್ ವಿಮಾನವು ಗಂಟೆಗೆ ಸುಮಾರು 800 ಕಿ.ಮೀ. ಹಾರುತ್ತದೆ. ಹಾಗಾದರೆ ಮೂರೇ ಗಂಟೆಯಲ್ಲವೇ ಎಂದು ಕೇಳಬಹುದು. ಮೇಲೇರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ದಾರಿಯೂ ನೂಲು ಹಿಡಿದಷ್ಟು ನೇರವಲ್ಲ. ಆದುದರಿಂದ ಮೂರೂವರೆಯಿಂದ ನಾಲ್ಕು ಗಂಟೆ ಬೇಕು. ಚಳಿಗಾಲದಲ್ಲಿ ಮೇಲಿನ ಗಾಳಿ ಪಡುವಣದಿಂದ ಮೂಡಣಕ್ಕೆ ಬೀಸುವುದರಿಂದ ಮರಳುವ ಪಯಣ ತುಸು ಬೇಗ ಮುಗಿಯುತ್ತದೆ.

ಗಡಿಯಾರ ನೋಡಿ ಮೋಸಹೋಗಬಾರದು. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 8ಕ್ಕೆ ಹೊರಟು ನಾಲ್ಕು ಗಂಟೆ ಹಾರಿದರೂ ಅಲ್ಲಿ ಇಳಿದಾಗ 10-30 ಆಗಿರುತ್ತದೆ. ಆದರೆ ಮಲ್ಲಿಗೆಯ ಮೊಗ್ಗು ಗಡಿಯಾರ ನೋಡುವುದಿಲ್ಲ. ಅದಕ್ಕೆ ನಾಲ್ಕು ಗಂಟೆ ನಾಲ್ಕೇ.

ಬಜ್ಪೆಯ ವಿಮಾನ ನಿಲ್ದಾಣ 1951ರಲ್ಲಿ ತೆರೆಯಿತು. ಅಲ್ಲಿಂದ ದುಬೈಗೆ ನೇರ ವಿಮಾನ ಆರಂಭವಾದುದು 2006ರಲ್ಲಿ. ಆಕಾಶದ ದಾರಿ ಹತ್ತಿರವಾಯಿತು, ನಿಜ. ನೆಲದ ಮೇಲಿನ ಹೊತ್ತಿನ ಲೆಕ್ಕ ಹಾಗೆಯೇ ಉಳಿದಿದೆ. ಬೆಳಗಿನ 6ಕ್ಕೆ ಕೊಯ್ದ ಮೊಗ್ಗು ತಂಪಿಲ್ಲದಿದ್ದರೆ ಸಂಜೆಗೆ ಅರಳುತ್ತದೆ. ಇರುವುದು ಹನ್ನೆರಡು ಗಂಟೆ. ಹಾರಾಟಕ್ಕೆ ನಾಲ್ಕು ಕಳೆದರೆ ಎಂಟು. ಕಟ್ಟುವುದು, ಕಟ್ಟೆಗೆ ಒಯ್ಯುವುದು, ಬಜ್ಪೆಯ ರಸ್ತೆ, ತಪಾಸಣೆ, ಅಲ್ಲಿ ಇಳಿಸುವುದು—ಎಲ್ಲವೂ ಆ ಎಂಟರಲ್ಲೇ ಆಗಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. 3,200 ಮೊಗ್ಗುಗಳನ್ನು ಕೊಯ್ದು ಕಟ್ಟಿದ ಹೆಂಗಸರ ದುಡಿಮೆ ಅರಳಿದ ಹೂವಾಗಿ ತಲಪಿದರೆ ಬೆಲೆ ಎಲ್ಲಿಯದು?

ವಿಮಾನದ ವೇಗ ನಮ್ಮ ಕೈಯಲ್ಲಿಲ್ಲ. ಅಂಗಳದ ಕೆಲಸ ನಮ್ಮದೇ. ಬಿಸಿಲೇರುವ ಮೊದಲೇ ಕೊಯ್ಯಿರಿ. ಕೊಯ್ದುದನ್ನು ರಾಶಿ ಹಾಕದೆ ನೆರಳಲ್ಲಿ ತೆಳ್ಳಗೆ ಹರಡಿರಿ. ರಾಶಿಯೊಳಗೆ ಕಾವು ಹುಟ್ಟುತ್ತದೆ. ಅರಳಿದುದನ್ನು ಆರಿಸಿ ತೆಗೆಯಿರಿ. ನೀರು ಸುರಿದು ಕಟ್ಟಬೇಡಿ. ಒದ್ದೆ ಹೂ ಬೇಗ ಕಂದುತ್ತದೆ. ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಇಡುವುದಾದರೆ ಹೂವಿಗೆ ತಾಗದಂತೆ ಇಡಿರಿ.

ಹೀಗೆ ಅಂಗಳದಲ್ಲಿ ಉಳಿಸಿದ ಒಂದು ಗಂಟೆ ವಿಮಾನದ 800 ಕಿ.ಮೀ. ದಾರಿಗೆ ಸಮ.