ಏಳಲಾರದ ರೆಪ್ಪೆ, ಎತ್ತಿ ಹಿಡಿವ ಹಣೆ

ಹುಟ್ಟಿನಿಂದಲೇ ಮೇಲುರೆಪ್ಪೆ ಜೋತುಬಿದ್ದಿರುವ ಶಿಶುವು, ಕುತ್ತಿಗೆ ನಿಲ್ಲುವ ಕಾಲ ಬಂದ ಮೇಲೆ, ಯಾರೂ ಕಲಿಸದೆ ಎರಡು ಉಪಾಯಗಳನ್ನು ಕಂಡುಕೊಳ್ಳುವುದುಂಟು: ಗಲ್ಲವನ್ನು ಮೇಲೆತ್ತಿ ರೆಪ್ಪೆಯ ಕೆಳಗಣ ಸಂದಿನಿಂದ ತಾಯಿಯ ಮುಖವನ್ನು ನೋಡುವುದು ಒಂದು, ಹಣೆಯನ್ನು ನೆರಿಗೆಗಟ್ಟಿಸಿ, ಹುಬ್ಬಿನ ಮೂಲಕ ರೆಪ್ಪೆಯನ್ನು ಎಳೆದುಕೊಳ್ಳುವುದು ಇನ್ನೊಂದು. ದೋಷವು ತೀವ್ರವಾಗಿರುವಾಗ ಶಸ್ತ್ರವೈದ್ಯನು ಆಶ್ರಯಿಸುವುದೂ ಈ ಎರಡನೆಯ ಉಪಾಯವನ್ನೇ ಎಂಬುದು ನನಗೆ ಅತ್ಯಂತ ಆದರಣೀಯವಾದ ಸಂಗತಿಯಾಗಿ ತೋರುತ್ತದೆ.

ರೆಪ್ಪೆಯನ್ನು ಎತ್ತುವ ಪ್ರಧಾನ ಸ್ನಾಯು, ವೈದ್ಯರು ಲಿವೇಟರ್ ಎಂದು ಕರೆಯುವಂಥದು, ಕಣ್ಣುಗೂಡಿನ ಒಳತುದಿಯಲ್ಲಿ ಹುಟ್ಟಿ, ಗುಡ್ಡೆಯ ಮೇಲುಗಡೆ ಸುಮಾರು 40 ಮಿಲಿಮೀಟರು ಮುಂದಕ್ಕೆ ಸಾಗಿಬಂದು, ಅಲ್ಲಿ ಅಡ್ಡಲಾಗಿ ಹಾದಿರುವ ತಂತುಬಂಧವೊಂದರ ಆಸರೆಯಲ್ಲಿ, ಬಾವಿಯ ರಾಟೆಯನ್ನು ದಾಟಿದ ಹಗ್ಗದಂತೆ ದಿಕ್ಕು ಬದಲಿಸಿ, ತೆಳುವಾದ ಪಟಲವಾಗಿ ರೆಪ್ಪೆಯೊಳಕ್ಕೆ ಇಳಿಯುತ್ತದೆ. ಜನ್ಮಜಾತ ದೋಷದಲ್ಲಿ ಬಹುಮಟ್ಟಿಗೆ ಈ ಸ್ನಾಯುವೇ ಸರಿಯಾಗಿ ರೂಪುಗೊಂಡಿರುವುದಿಲ್ಲ. ಸ್ನಾಯುತಂತುಗಳು ಇರಬೇಕಾದೆಡೆ ನಾರೂ ಕೊಬ್ಬೂ ತುಂಬಿಕೊಂಡಿರುತ್ತವೆ. ಇಂಥ ಸ್ನಾಯು ಕುಗ್ಗಲೂ ಆರದು, ಹಿಗ್ಗಲೂ ಆರದು. ಆದುದರಿಂದಲೇ, ಮೇಲೆ ನೋಡುವಾಗ ಏಳದ ರೆಪ್ಪೆಯು ಕೆಳಗೆ ನೋಡುವಾಗ ಇಳಿಯಲೂ ಒಲ್ಲದೆ, ಆರೋಗ್ಯದ ರೆಪ್ಪೆಗಿಂತ ಮೇಲೆಯೇ ನಿಂತುಬಿಡುತ್ತದೆ. ಮುಪ್ಪಿನಲ್ಲಿ ಸಡಿಲವಾಗಿ ಜೋತ ರೆಪ್ಪೆಯಲ್ಲಿ ಈ ಲಕ್ಷಣ ಕಾಣದು.

ಬೆಳೆದಂತೆ ತಾನೇ ಸರಿಹೋದೀತೆಂಬ ಹಿರಿಯರ ಸಮಾಧಾನದ ಮಾತನ್ನು ಇಲ್ಲಿ ನಂಬಿ ಕೂರಲಾಗದು. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಎಂಬ ವಿಜ್ಞಾನಿಗಳು ಎಳೆಯ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಗಳನ್ನು ಹೊಲಿದು, ಕೆಲವು ತಿಂಗಳ ತರುವಾಯ ಬಿಚ್ಚಿ ಪರೀಕ್ಷಿಸಿದಾಗ, ಮಿದುಳಿನ ದೃಷ್ಟಿಕೇಂದ್ರದ ಜೀವಕೋಶಗಳು ಆ ಕಣ್ಣಿನ ಸಂದೇಶಕ್ಕೆ ಬಹುಮಟ್ಟಿಗೆ ಕಿವುಡಾಗಿದ್ದುವೆಂಬುದು 1963ರಲ್ಲಿ ಪ್ರಕಟವಾಯಿತು. ಬೆಳೆದ ಬೆಕ್ಕಿನಲ್ಲಿ ಅಂಥ ಹಾನಿ ಆಗಲಿಲ್ಲ. ಅವರಿಗೆ 1981ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕಣ್ಣಪಾಪೆಯನ್ನೇ ಮುಚ್ಚಿದ ರೆಪ್ಪೆ ಮಗುವಿಗೆ ಮಾಡುವ ಅನ್ಯಾಯವೂ ಇದೇ ಬಗೆಯದು. ಪಾಪೆ ಮುಚ್ಚದಿದ್ದರೂ ಕಣ್ಣಿನ ವಕ್ರತೆ ವ್ಯತ್ಯಸ್ತವಾಗಿ ದೃಷ್ಟಿ ಮಂದವಾಗುವುದುಂಟು. ಆದುದರಿಂದ, ಪಾಪೆ ತೆರೆದಿದ್ದು ದೃಷ್ಟಿ ನೆಟ್ಟಗಿದ್ದರೆ ಮೂರು ನಾಲ್ಕು ವರ್ಷದವರೆಗೆ ಕಾಯುವ ವೈದ್ಯರು, ಮುಚ್ಚಿದ್ದರೆ ಮೊದಲ ವರ್ಷದಲ್ಲೇ ಶಸ್ತ್ರವನ್ನು ಕೈಗೆತ್ತಿಕೊಳ್ಳುತ್ತಾರೆ.

ಯಾವ ಶಸ್ತ್ರಕ್ರಿಯೆ ಎಂಬುದನ್ನು ನಿರ್ಣಯಿಸುವ ಪರೀಕ್ಷೆ ಅತಿ ಸರಳವಾದದ್ದು. ಹುಬ್ಬಿನ ಮೇಲೆ ಹೆಬ್ಬೆರಳನ್ನು ಒತ್ತಿ ಹಣೆಯ ಸಹಾಯವನ್ನು ತಡೆದು, ಕೆಳನೋಟದಿಂದ ಮೇಲುನೋಟಕ್ಕೆ ರೆಪ್ಪೆ ಎಷ್ಟು ಚಲಿಸಿತೆಂದು ಅಳತೆಪಟ್ಟಿಯಿಂದ ನೋಡುತ್ತಾರೆ. ಆರೋಗ್ಯವಂತನಲ್ಲಿ 12 ರಿಂದ 15 ಮಿಲಿಮೀಟರು ಇರುವ ಈ ಚಲನೆ, 5 ಅಥವಾ ಅದಕ್ಕಿಂತ ಹೆಚ್ಚು ಉಳಿದಿದ್ದರೆ ಲಿವೇಟರನ್ನೇ ಕತ್ತರಿಸಿ ಗಿಡ್ಡಗೊಳಿಸಿ ಮರಳಿ ಹೊಲಿಯುವುದುಂಟು. 4ಕ್ಕೆ ಮೀರದಿದ್ದರೆ ಆ ಸ್ನಾಯುವಿನ ಆಸೆಯನ್ನು ಬಿಟ್ಟು, ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ತೂಗುಹಾಕಬೇಕಾಗುತ್ತದೆ. ಅದಕ್ಕಾಗಿ ಮಗುವಿನದೇ ತೊಡೆಯ ಹೊರಮಗ್ಗುಲಿನಿಂದ ಗಟ್ಟಿಯಾದ ತಂತುಪಟಲದ ಕಿರುಪಟ್ಟಿಗಳನ್ನು ತೆಗೆದು, ರೆಪ್ಪೆಯ ಅಂಚಿನಿಂದ ಹುಬ್ಬಿನ ಮೇಲಿನವರೆಗೆ ಚರ್ಮದಡಿಯಲ್ಲಿ ತ್ರಿಕೋಣಾಕಾರವಾಗಿ ಪೋಣಿಸಿ ಬಿಗಿಯುವ ವಿಧಾನವನ್ನು ಟೊರಾಂಟೊ ನಗರದ ವೈದ್ಯ ಕ್ರಾಫರ್ಡ್ 1956ರಲ್ಲಿ ವಿವರಿಸಿದನು. ಪಟ್ಟಿಗೆ ಬೇಕಾದಷ್ಟು ತೊಡೆ ಬೆಳೆಯಲು ಸುಮಾರು ಮೂರು ವರ್ಷ ಹಿಡಿಯುವುದರಿಂದ, ಅದಕ್ಕೂ ಎಳೆಯ ಕೂಸುಗಳಿಗೆ ಸಿಲಿಕೋನ್ ಎಳೆಯನ್ನು ಬಳಸುತ್ತಾರೆ; ಅದು ಕ್ರಮೇಣ ಸಡಿಲಗೊಳ್ಳಬಹುದಾದರೂ, ಅಮೂಲ್ಯವಾದ ಆ ಕಾಲದಲ್ಲಿ ಪಾಪೆಯನ್ನು ತೆರೆದಿಡುವ ಉಪಕಾರವನ್ನು ಮಾಡುತ್ತದೆ.

ಇಷ್ಟಾದರೂ ಸತ್ತ ಸ್ನಾಯು ಬದುಕುವುದಿಲ್ಲ. ಎತ್ತಿ ಕಟ್ಟಿದ ರೆಪ್ಪೆಯು ನಿದ್ರೆಯಲ್ಲಿ ಪೂರ್ಣವಾಗಿ ಮುಚ್ಚದೆ, ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ ಒಣಗಿ ಹುಣ್ಣಾಗುವ ಭಯವಿರುತ್ತದೆ. ರೆಪ್ಪೆ ಮುಚ್ಚುವಾಗ ಗುಡ್ಡೆ ತಾನಾಗಿ ಮೇಲಕ್ಕೆ ಹೊರಳಿ ಮರೆಯಾಗುವ ನಿಸರ್ಗದ ರಕ್ಷೆಯೊಂದುಂಟು. ಅದು ಈ ಮಗುವಿನಲ್ಲಿ ಇದೆಯೇ ಎಂಬುದನ್ನು ವೈದ್ಯನು ಮೊದಲೇ ನೋಡಿಕೊಂಡಿರುತ್ತಾನೆ. ರಾತ್ರಿ ಮುಲಾಮು ಹಚ್ಚುವ ಕರ್ತವ್ಯ ತಾಯಿತಂದೆಯರದು. ದೃಷ್ಟಿ ಆಗಲೇ ಮಂದವಾಗಿದ್ದರೆ ಕನ್ನಡಕವೂ, ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಮುಚ್ಚಿಟ್ಟು ಹಿಂದೆಬಿದ್ದ ಕಣ್ಣಿಗೆ ಅಭ್ಯಾಸ ಮಾಡಿಸುವ ಕ್ರಮವೂ, ಹೊಲಿಗೆ ಮಾಸಿದ ಮೇಲೆ ತಿಂಗಳುಗಟ್ಟಲೆ ನಡೆಯತಕ್ಕದ್ದು.